ವಾಕಡದಿಂದ ಹಲ್ಲಿನ ದವಾಖಾನೆಯವರೆಗೆ

ಪುಣೆಯ ಅಂಚಿನ ವಾಕಡದಿಂದ ನಾನು ಹೊರಟದ್ದು ಡಿಸೆಂಬರಿನ ಒಂದು ಶನಿವಾರ. ಬೆಳಗಿನ ಚಳಿಗೆ ಬಸ್‌ಸ್ಟಾಪಿನಲ್ಲಿ ನಿಂತವರೆಲ್ಲ ಮಫ್ಲರ್ ಸುತ್ತಿಕೊಂಡಿದ್ದರು. ನಾನೂ ಸುತ್ತಿಕೊಂಡಿದ್ದೆ, ಆದರೆ ನನ್ನದು ಕಿವಿಗಿಂತ ಬಾಯಿಯನ್ನೇ ಹೆಚ್ಚು ಮುಚ್ಚಿತ್ತು. ಮೇಲಿನ ಸಾಲಿನ ಎದುರು ಹಲ್ಲುಗಳಲ್ಲಿ ಮೂರು ಒಂದರ ಹಿಂದೆ ಒಂದರಂತೆ ಬಿದ್ದುಹೋಗಿದ್ದವು. ಸಕ್ಕರೆ ಕಾಯಿಲೆಯವರಿಗೆ ವಸಡು ಬೇಗ ಸಡಿಲಾಗುತ್ತದಂತೆ. ಕೊನೆಯದು ಬಿದ್ದದ್ದು ಇಡ್ಲಿ ತಿನ್ನುವಾಗ.

ನಾನು ಕುಂದಾಪುರದ ಕಡೆಯವನು. ಪುಣೆಯ ಹೋಟೆಲುಗಳಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಈಗ ವಾಕಡದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತೇನೆ. ಕೂರುತ್ತಿದ್ದೆ ಎನ್ನಬೇಕು. ಹಿಂಜವಡಿಯ ಕಂಪೆನಿಗಳಿಗೆ ಹೋಗುವ ಹುಡುಗ ಹುಡುಗಿಯರು ಬೆಳಿಗ್ಗೆ ನಮ್ಮಲ್ಲಿ ತಿಂಡಿ ತಿನ್ನುತ್ತಾರೆ. ಅವರಿಗೆ ಚಿಲ್ಲರೆ ಕೊಡುವಾಗ ಒಂದು ನಗು ಕೊಡುವುದೂ ನನ್ನ ಕೆಲಸವಾಗಿತ್ತು. ಧನಿಗಳು ಒಳ್ಳೆಯವರು, ಎಲ್ಲರೆದುರು ಹೇಳಲಿಲ್ಲ. ಒಂದು ಮಧ್ಯಾಹ್ನ ಒಳಗೆ ಕರೆದು, "ಸದಾಶಿವಣ್ಣ, ಸ್ವಲ್ಪ ದಿವಸ ನೀವು ಸ್ಟೋರ್ ನೋಡಿಕೊಳ್ಳಿ. ಹಲ್ಲಿನದ್ದು ಒಂದು ದಾರಿ ಆಗಲಿ, ಮತ್ತೆ ಗಲ್ಲೆಗೆ ಬನ್ನಿ" ಎಂದರು. ಅಂದಿನಿಂದ ಈರುಳ್ಳಿ ಮೂಟೆಗಳ ನಡುವೆ ಕೂತಿದ್ದೇನೆ.

ವಾಕಡದಲ್ಲಿ ಹಲ್ಲಿನ ಕ್ಲಿನಿಕ್ಕುಗಳಿಗೆ ಬರವಿಲ್ಲ. ನಮ್ಮ ಬೀದಿಯಲ್ಲೇ ನಾಲ್ಕು ಇವೆ, ಗಾಜಿನ ಬಾಗಿಲಿನವು. ಒಂದರಲ್ಲಿ ಕೇಳಿದ್ದೆ. ಅವರು ಹೇಳಿದ ಮೊತ್ತ ನನ್ನ ಮೂರು ತಿಂಗಳ ಸಂಬಳವನ್ನು ದಾಟುತ್ತಿತ್ತು. ಕಂತಿನಲ್ಲಿ ಕೊಡಬಹುದೆಂದು ಅಲ್ಲಿ ಕೂತಿದ್ದ ಹುಡುಗಿ ನಗುತ್ತ ಹೇಳಿದಳು, ಅವಳ ಹಲ್ಲು ಬಹಳ ಚೆನ್ನಾಗಿದ್ದವು. ಆಮೇಲೆ ಹತ್ತಿರದ ಪಾಲಿಕೆ ದವಾಖಾನೆಗೆ ಹೋದೆ. ಅಲ್ಲಿ ಹಲ್ಲು ಕೀಳುತ್ತಾರೆ, ಕಟ್ಟುವುದಿಲ್ಲ. ನನಗೆ ಕೀಳಿಸುವ ಅಗತ್ಯವೇ ಬಿದ್ದಿರಲಿಲ್ಲ, ಅವು ತಾವಾಗಿ ಉದುರಿದ್ದವು.

ಬಸ್ಸಿಗೆ ಮೂವತ್ತು ರೂಪಾಯಿ ಕೊಟ್ಟು ಮೊದಲು ಖಡಕಿಯಲ್ಲಿ ಇಳಿದೆ. ಅಲ್ಲಿ ಕಾರ್ಖಾನೆಯವರದ್ದೊಂದು ಒಳ್ಳೆಯ ದವಾಖಾನೆ ಇದೆಯೆಂದು ನಮ್ಮ ಹೋಟೆಲಿಗೆ ಹಾಲು ಹಾಕುವವನು ಹೇಳಿದ್ದ. ಹುಣಸೆ ಮರಗಳ ಸಾಲು, ಸುಣ್ಣ ಬಳಿದ ಕಲ್ಲುಗಳು, ಗುಡಿಸಿ ಇಟ್ಟಂಥ ರಸ್ತೆ. ಗೇಟಿನ ಕಾವಲುಗಾರ ಮರ್ಯಾದೆಯಿಂದಲೇ ಮಾತಾಡಿದ. ಇದು ಇಲ್ಲಿ ನೌಕರಿ ಮಾಡುವವರ ಮನೆಯವರಿಗೆ ಮಾತ್ರ, ನೀವು ಊರೊಳಗಿನ ಹಲ್ಲಿನ ಆಸ್ಪತ್ರೆಗೆ ಹೋಗಿ, ಅದು ಎಲ್ಲರಿಗೂ ಇರುವುದು ಎಂದ. ಖಡಕಿ ಸ್ಟೇಶನ್ನಿನಲ್ಲಿ ಲೋಕಲ್ ಸಿಕ್ಕಿತು. ಐದು ರೂಪಾಯಿಯ ಟಿಕೀಟು, ಬಾಗಿಲಲ್ಲಿ ನಿಂತು ಶಿವಾಜಿನಗರದವರೆಗೆ ಪ್ರಯಾಣ. ಅಲ್ಲಿಂದ ಹಳೆಯ ಪೇಟೆಯೊಳಗೆ ನಡೆದೆ.

ಆಸ್ಪತ್ರೆಯ ಹೆಸರು ಬೇಡ. ಮೂರಂತಸ್ತಿನ ಹಳೆಯ ಕಟ್ಟಡ, ಹಲ್ಲಿನ ವಿಭಾಗ ಮೊದಲ ಮಾಳಿಗೆಯಲ್ಲಿ. ಒಂಬತ್ತಕ್ಕೇ ಸಾಲು ಮೆಟ್ಟಿಲವರೆಗೆ ಬಂದಿತ್ತು. ಕಿಟಕಿಯಲ್ಲಿ ಹೆಸರು ಕೇಳಿದರು. 'ಸದಾಶಿವ' ಎನ್ನುವ ಹೆಸರು ಹಲ್ಲಿಲ್ಲದ ಬಾಯಿಗೆ ಎಂಥ ಶಿಕ್ಷೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಗುಮಾಸ್ತನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಬಾಯಿಯ ಮೇಲಿನ ಬಟ್ಟೆ ತೆಗೆದು ಹೇಳಿ ಎಂದ. ತೆಗೆದೆ, ಹೇಳಿದೆ, ಎಂಜಲಿನ ಒಂದು ಹನಿ ಕಿಟಕಿಯ ಗಾಜಿಗೆ ಸಿಡಿಯಿತು. ಹಿಂದೆ ನಿಂತಿದ್ದ ತರುಣನೊಬ್ಬ ನಕ್ಕ. ಅವನ ಕೊರಳಲ್ಲಿ ಕಂಪೆನಿಯ ಪಟ್ಟಿ ಇತ್ತು, ಕೈಯಲ್ಲಿ ಫೋನು. ಫೋನು ನೋಡಿಯೇ ನಕ್ಕನೋ ಏನೋ, ಇವತ್ತಿಗೂ ನನಗೆ ತಿಳಿಯದು. ಆ ಹೊತ್ತಿಗೆ ಮಾತ್ರ, ಇವತ್ತು ಇನ್ನು ಡಾಕ್ಟರ ಮುಂದೆ ಬಿಟ್ಟು ಬೇರೆಲ್ಲೂ ಬಾಯಿ ತೆರೆಯುವುದಿಲ್ಲವೆಂದು ನಿಶ್ಚಯಿಸಿಬಿಟ್ಟೆ.

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಮುದುಕ, ಅವನಾಚೆ ಒಬ್ಬಳು ಹೆಂಗಸು. ಮೂವತ್ತರ ಆಸುಪಾಸು. ಎಡಗೆನ್ನೆ ಊದಿ ಕಣ್ಣಿನ ಕೆಳಗಿನವರೆಗೆ ಬಿಗಿದಿತ್ತು. ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಳು. ನಡುವೆ ಅವಳಿಗೆ ಫೋನು ಬಂತು. "ಇನ್ನಾ ಕರದಿಲ್ಲ, ಕೂಸಿಗಿ ಏನರೆ ತಿನ್ಸು" ಎಂದಳು. ಕಲಬುರಗಿ, ಯಾದಗಿರಿ ಕಡೆಯ ಕನ್ನಡ. ಬೇರೆ ದಿನವಾಗಿದ್ದರೆ ಆ ಮಾತು ಕಿವಿಗೆ ಬಿದ್ದೊಡನೆ ಯಾವೂರು ಎಂದು ಕೇಳುತ್ತಿದ್ದೆ. ಪುಣೆಯಲ್ಲಿ ಇಷ್ಟು ವರ್ಷ ಇದ್ದವನಿಗೆ ಅದು ತಾನಾಗಿ ಬರುವ ಅಭ್ಯಾಸ. ಅಂದು ಮಫ್ಲರನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡೆ.

ಅವಳನ್ನು ಒಳಗೆ ಕರೆದರು, ಸ್ವಲ್ಪ ಹೊತ್ತಿಗೆ ಹೊರಗೆ ಕಳಿಸಿದರು. ಸಿಸ್ಟರ್ ಬಾಗಿಲವರೆಗೆ ಬಂದು ಕೈಗೊಂದು ಚೀಟಿ ಕೊಟ್ಟು ಮರಾಠಿಯಲ್ಲಿ ಹೇಳಿದಳು: "ಆಧೀ ಖಾಲೀ ಜಾ." ಮೊದಲು ಕೆಳಗೆ ಹೋಗು, ರಕ್ತ ಪರೀಕ್ಷೆ ಮಾಡಿಸಿಕೊಂಡು ಹನ್ನೆರಡೂವರೆಯ ಒಳಗೆ ಬಾ, ಹಲ್ಲು ತೆಗೆಯುತ್ತಾರೆ ಎಂದು. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಒಳಗೆ ಹೋದಳು. ಹೆಂಗಸು ತಲೆಯಾಡಿಸಿದಳು. ಆಮೇಲೆ ಕೆಳಗೆ ಹೋಗಲಿಲ್ಲ, ತಿರುಗಿ ಬಂದು ತನ್ನ ಜಾಗದಲ್ಲೇ ಕೂತಳು.

ನನಗೆ ತಕ್ಷಣ ಗೊತ್ತಾಯಿತು. ಮರಾಠಿಯ 'ಖಾಲೀ' ಎಂದರೆ ಕೆಳಗೆ, ನಮ್ಮದು ಬೇರೆ. ಅವಳು ಬೇರೆಯದನ್ನೇ ತಿಳಿದಿದ್ದಳು. ಒಂದು ಮಾತು ಸಾಕಿತ್ತು, 'ಕೆಳಗೆ ಹೋಗಮ್ಮಾ' ಎಂದು. ನಾನು ಎದುರಿನ ಗೋಡೆಯಲ್ಲಿದ್ದ, ಹಲ್ಲುಜ್ಜುವುದು ಹೇಗೆಂದು ತೋರಿಸುವ ಚಿತ್ರವನ್ನು ನೋಡುತ್ತ ಕೂತೆ. ಯಾರಾದರೂ ಹೇಳಿಯಾರು ಎಂದುಕೊಂಡೆ. ಸಿಸ್ಟರ್ ಮತ್ತೊಮ್ಮೆ ಬಂದಾಳು ಎಂದುಕೊಂಡೆ. ಒಳಗಿನ ಇನ್ನೊಂದು ಲೆಕ್ಕಾಚಾರವನ್ನೂ ಬರೆದುಬಿಡುತ್ತೇನೆ: ಮಾತಾಡಿಸಿದರೆ ಇವಳ ಜೊತೆ ಕೆಳಗೆ ಮೇಲೆ ಓಡಾಡಬೇಕಾಗುತ್ತದೆ, ಅಷ್ಟರಲ್ಲಿ ನನ್ನ ಪಾಳಿ ತಪ್ಪಿಹೋಗುತ್ತದೆ ಎಂದೂ ಅನ್ನಿಸಿತ್ತು. ಅವಳು ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ನನ್ನ ಮುಖವನ್ನೂ ನೋಡಿದಳು. ನನ್ನ ಮುಖದಲ್ಲಿ ಕಾಣುತ್ತಿದ್ದದ್ದು ಕಣ್ಣು ಮಾತ್ರ.

ಹನ್ನೆರಡು ದಾಟಿದ ಮೇಲೆ ನನ್ನನ್ನು ಕರೆದರು. ಎರಡು ಕುರ್ಚಿಗಳಲ್ಲಿ ಒಂದಕ್ಕೆ ಬಟ್ಟೆ ಹೊದಿಸಿದ್ದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ತಾಳ್ಮೆಯಿಂದಲೇ ನೋಡಿದಳು. ಇನ್ನೂ ಎರಡು ಹಲ್ಲು ಅಲ್ಲಾಡುತ್ತಿವೆ, ಅವನ್ನೂ ತೆಗೆಯಬೇಕು, ಅದಕ್ಕೆ ಮೊದಲು ಸಕ್ಕರೆ ಇಳಿಯಬೇಕು, ವಸಡು ಮಾಯಬೇಕು. ಆಮೇಲೆ ಹಲ್ಲಿನ ಸೆಟ್ಟು. ಅದನ್ನು ಇಲ್ಲಿ ಮಾಡುವುದಿಲ್ಲ, ಊರಿನ ಇನ್ನೊಂದು ತುದಿಯಲ್ಲಿ ಹಲ್ಲಿನ ಕಾಲೇಜೊಂದಿದೆ, ಅಲ್ಲಿ ವಿದ್ಯಾರ್ಥಿಗಳು ಕಡಿಮೆಯಲ್ಲಿ ಮಾಡಿಕೊಡುತ್ತಾರೆ, ಆದರೆ ಸರದಿ ಉದ್ದವಿದೆ ಎಂದಳು. ಬೆಳಿಗ್ಗೆಯಿಂದ ಬಾಯಿ ಮುಚ್ಚಿಕೊಂಡು ಕಾದು ಕೂತು ನಾನು ಉಳಿಸಿಕೊಂಡ ಪಾಳಿ ಇಷ್ಟೇ.

ಹೊರಗೆ ಬಂದಾಗ ಬೆಂಚುಗಳೆಲ್ಲ ಖಾಲಿಯಾಗಿದ್ದವು. ಅವಳೊಬ್ಬಳು ಎದ್ದು ನಿಂತು, ಈಗ ನನ್ನದೇ ಸರದಿ ಎನ್ನುವಂತೆ ಬಾಗಿಲ ಕಡೆ ಹೆಜ್ಜೆ ಹಾಕಿದಳು. ಅಲ್ಲಿ ನಿಂತಿದ್ದ ಕಾವಲುಗಾರ ಕೈ ಅಡ್ಡ ಹಿಡಿದು ಚೀಟಿ ನೋಡಿದ. ಪರೀಕ್ಷೆ ಆಗಿಲ್ಲ, ಲ್ಯಾಬು ಮುಚ್ಚಿತು, ಸೋಮವಾರ ಬಾ ಎಂದ. ಅವಳು ಚೀಟಿಯನ್ನು ಮತ್ತೆ ಅವನ ಮುಂದೆ ಹಿಡಿದಳು. ಅವನು ಮತ್ತೆ ಅದನ್ನೇ ಇನ್ನೂ ಜೋರಾಗಿ ಹೇಳಿದ.

"ಸೋಮವಾರ ಬರಲಿಕ್ಕೆ ಹೇಳ್ತಿದ್ದಾನೆ ಅಮ್ಮಾ" ಎಂದೆ.

ಅವಳು ತಿರುಗಿದಳು. "ನೀವು ಕನ್ನಡದೋರೇನ್ರಿ?"

ಹೌದೆಂದೆ.

"ಮುಂಜಾನಿಂದ ಇಲ್ಲೇ ಕುಂತಿದ್ರಲ್ರಿ, ಅಣ್ಣಾರ."

ಬೈಗುಳವೇನೂ ಆ ದನಿಯಲ್ಲಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೇ. ನನ್ನ ಕಿವಿಗಳು ಬಿಸಿಯಾದವು. ಸಿಸ್ಟರ್ ಹೇಳಿದ್ದೇನೆಂದು ವಿವರಿಸಿದೆ. ಕೇಳಿ ಅವಳು ನೆಲ ನೋಡಿದಳು. "ಖಾಲಿ ಅಂದ್ರಲ್ರಿ ಆ ಸಿಸ್ಟರ್ ಬಾಯಾರು. ಮಂದಿ ಖಾಲಿ ಆದಮ್ಯಾಲ ಕರೀತಾರ ಅನ್ಕೊಂಡೆ" ಎಂದಳು.

ನಾನು ಕಾವಲುಗಾರನನ್ನು ದಾಟಿ ಒಳಗೆ ಹೋದೆ, ಅವಳನ್ನೂ ಕರೆದುಕೊಂಡು. ಡಾಕ್ಟರಮ್ಮ ಕೈ ತೊಳೆಯುತ್ತಿದ್ದಳು. ಈ ಹೆಂಗಸಿಗೆ ಮರಾಠಿ ತಿಳಿಯಲಿಲ್ಲವೆಂದು ನನ್ನ ತೊದಲು ಮರಾಠಿಯಲ್ಲಿ ಹೇಳಿದೆ. ಡಾಕ್ಟರಮ್ಮ ಇಬ್ಬರನ್ನೂ ನೋಡಿ, "ಸೋಬತ್ ಆಹಾತ್ ನಾ? ಮಗ್ ಇತಕಾ ವೇಳ್ ಕಾಯ್ ಕರತ್ ಹೋತಾತ್?" ಎಂದಳು. ಜೊತೆಗಿದ್ದೀರಲ್ಲ, ಹಾಗಾದರೆ ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ? ಜೊತೆಯವನಲ್ಲ ಎನ್ನಲು ನನ್ನಿಂದಾಗಲಿಲ್ಲ. ತಪ್ಪಾಯಿತು ಎಂದೆ. ಮಲ್ಲಮ್ಮ, ಅವಳ ಹೆಸರು ಅದು, ಡಾಕ್ಟರ ಮುಖವನ್ನೂ ನನ್ನ ಮುಖವನ್ನೂ ನೋಡಿ, "ಏನಂತಾರ್ರಿ?" ಎಂದು ಕೇಳಿದಳು. ಬೈತಾ ಇದ್ದಾರೆ, ನಿನಗಲ್ಲ, ನನಗೆ ಎಂದೆ.

ಪರೀಕ್ಷೆಯಿಲ್ಲದೆ, ಇಷ್ಟು ಊದಿರುವಾಗ ಹಲ್ಲು ಕೀಳುವುದಿಲ್ಲವೆಂದರು. ಕೀವು ಇಳಿಯಲು ಮಾತ್ರೆ ಬರೆದರು. ಜ್ವರ ಬಂದರೆ, ಬಾಯಿ ತೆರೆಯಲಾಗದಿದ್ದರೆ, ಊತ ಕಣ್ಣಿಗೇರಿದರೆ ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕು, ಇಲ್ಲವಾದರೆ ಸೋಮವಾರ ಬೆಳಿಗ್ಗೆ ಬರಬೇಕು. ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಎರಡೆರಡು ಸಲ ಹೇಳಿದೆ. ನನ್ನ ಬಾಯಿಂದ ಗಾಳಿ ಶಿಳ್ಳೆ ಹಾಕಿದಂತೆ ಹೋಗುತ್ತಿತ್ತು. ಯಾರೂ ನಗಲಿಲ್ಲ. ಪುಕ್ಕಟೆ ಮಾತ್ರೆಯ ಕಿಟಕಿ ಮುಚ್ಚಿದ್ದರಿಂದ ಎದುರಿನ ಅಂಗಡಿಯಲ್ಲಿ ಕೊಳ್ಳಬೇಕಾಯಿತು. ದುಡ್ಡು ಕೊಡಲು ನಾನು ಮುಂದಾದೆ, ಅವಳು ಬಿಡಲಿಲ್ಲ.

ಮಾತ್ರೆ ನುಂಗಲು ಹೊಟ್ಟೆಗೆ ಏನಾದರೂ ಬೇಕಿತ್ತು. ಚಹಾದ ಗಾಡಿಯ ಮುಂದೆ ಇಬ್ಬರೂ ಪಾವ್ ಬ್ರೆಡ್ಡನ್ನು ಚಹಾದಲ್ಲಿ ನೆನೆಸಿ ನೆನೆಸಿ ತಿಂದೆವು. ಆಗ ಅವಳು ತನ್ನ ಕತೆ ಹೇಳಿದಳು. ದೀಪಾವಳಿ ಮುಗಿಸಿ ಗಂಡನ ಜೊತೆ ದೌಂಡ ಊರಿನ ಹತ್ತಿರದ ಕುರಕುಂಭಕ್ಕೆ ಬಂದಿದ್ದಳು. ಅಲ್ಲಿ ಕಂಪೆನಿಯೊಂದರ ಗೋಡೆ ಕಟ್ಟುವ ಕೆಲಸ. ಜೊತೆಗಿರುವವರೆಲ್ಲ ತಮ್ಮೂರ ಕಡೆಯವರೇ ಆದ್ದರಿಂದ ಮರಾಠಿ ಬೇಕಾಗಿರಲಿಲ್ಲ. ಹಲ್ಲಿಗೆ ಲವಂಗ ಇಟ್ಟಳು, ತಂಬಾಕು ಇಟ್ಟಳು. ದೌಂಡದ ಖಾಸಗಿ ಡಾಕ್ಟರು ಕೇಳಿದ ಹಣಕ್ಕೆ ಗಂಡ ಹೆಂಡತಿ ಇಬ್ಬರೂ ತಿಂಗಳು ದುಡಿಯಬೇಕಿತ್ತು. ಪುಣೆಯಲ್ಲಿ ಸರಕಾರದ್ದಿದೆ ಎಂದು ಯಾರೋ ಹೇಳಿದರು. ನಸುಕಿನಲ್ಲಿ ಜೀಪು ಹಿಡಿದು ದೌಂಡಕ್ಕೆ, ಅಲ್ಲಿಂದ ರೈಲು. "ಮಾರಿ ಹಿಂಗ ಬಾತಾಗಿಂದ ಕೂಸು ನನ್ನ ಹಂತ್ಯಾಕ ಬರವಲ್ದು. ಅಂಜ್ತದ" ಎಂದಳು. ಊದಿದ ಮುಖಕ್ಕೆ ಹೆದರಿ ಹತ್ತಿರ ಬಾರದ ಆ ಮಗಳಿಗೆ ಮೂರು ವರ್ಷವಂತೆ.

ನಾನು ಯಾಕೆ ಸುಮ್ಮನಿದ್ದೆನೆಂದು ಅವಳು ಕೇಳಲೇ ಇಲ್ಲ. ನಾನೇ ಹೇಳಿದೆ, ಎದುರು ಹಲ್ಲಿಲ್ಲ, ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚಿಕೆ ಎಂದು. ಅವಳು ನನ್ನ ಬಾಯಿಯನ್ನು ಒಂದು ಕ್ಷಣ ನೋಡಿದಳು.

"ಅಷ್ಟಕ್ಕ ಏನ್ರಿ?" ಎಂದಳು.

ಅದನ್ನು ಸಮಾಧಾನವೆಂದು ತೆಗೆದುಕೊಳ್ಳಲೋ, ಪ್ರಶ್ನೆಯೆಂದು ತೆಗೆದುಕೊಳ್ಳಲೋ ತಿಳಿಯಲಿಲ್ಲ. ಸ್ಟೇಶನ್ನಿಗೆ ಕರೆದೊಯ್ದು ದೌಂಡದ ಗಾಡಿಗೆ ಹತ್ತಿಸಿದೆ. ಸೋಮವಾರ ನಾನೂ ಬರುತ್ತೇನೆ, ನಾನೇ ಮಾತಾಡುತ್ತೇನೆ ಎಂದೆ. ಅವಳು ಹೂಂ ಎಂದಳು, ನಂಬಿದಳೋ ಇಲ್ಲವೋ.

ಭಾನುವಾರ ಸ್ಟೋರಿನಲ್ಲಿ ಕೆಲಸ ಸಾಗಲಿಲ್ಲ. ಊತ ಕಣ್ಣಿಗೇರಿದರೆ ಆ ಕುರಕುಂಭದಿಂದ ರಾತ್ರಿಯಲ್ಲಿ ಎಲ್ಲಿಗೆ ಓಡುತ್ತಾರೆ ಎಂಬುದೇ ತಲೆಯಲ್ಲಿತ್ತು. ಧನಿಗಳಿಗೆ ನಡೆದದ್ದನ್ನೆಲ್ಲ ಹೇಳಿ ಮರುದಿನಕ್ಕೆ ರಜೆ ಕೇಳಿದೆ. ಅವರು "ಹೋಗಿ ಬನ್ನಿ" ಎಂದರು.

ಸೋಮವಾರ ಮತ್ತೆ ಅದೇ ಬಸ್ಸು, ಅದೇ ಲೋಕಲ್, ಅದೇ ಮೆಟ್ಟಿಲು. ಒಂಬತ್ತೂವರೆಗೆ ಮಲ್ಲಮ್ಮ ಬಂದಳು. ಕೆನ್ನೆ ಅರ್ಧದಷ್ಟು ಇಳಿದಿತ್ತು. ಅದನ್ನು ಕಂಡು ನನ್ನ ಎದೆ ಹಗುರವಾಯಿತು. ಅವಳ ಜೊತೆ ಒಂಬತ್ತು ಗಜದ ಸೀರೆಯುಟ್ಟ ಒಬ್ಬ ಮರಾಠಿ ಹೆಂಗಸಿದ್ದಳು, ಕುರಕುಂಭದಲ್ಲಿ ಅವರ ಶೆಡ್ಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟು ಅವರ ಕನ್ನಡವನ್ನು ಅಷ್ಟಿಷ್ಟು ಕಲಿತವಳು. ಆಕೆ ಬರುತ್ತಲೇ ಕಿಟಕಿಯವನ ಜೊತೆ, ಸಿಸ್ಟರ್ ಜೊತೆ ಗಟ್ಟಿಯಾಗಿ ಮಾತಾಡಿ, ಮಲ್ಲಮ್ಮನ ರಟ್ಟೆ ಹಿಡಿದು ಕೆಳಗಿನ ಲ್ಯಾಬಿಗೆ ಕರೆದೊಯ್ದು ಬಂದಳು. ನನ್ನಿಂದ ಆಗಬೇಕಾದ ಕೆಲಸ ಯಾವುದೂ ಉಳಿಯಲಿಲ್ಲ.

ಮಲ್ಲಮ್ಮ ನನ್ನನ್ನು ಕಂಡು ಆ ಹೆಂಗಸಿಗೆ ತೋರಿಸಿದಳು. ಹೊಸದಾಗಿ ಕಲಿತ ಮರಾಠಿಯಲ್ಲಿ, "ಹೇ ಆಮ್ಚೇ" ಎಂದಳು. ಇವರು ನಮ್ಮವರು.

ಅಂಗಡಿಯವಳು ನನ್ನ ಕಡೆ ತಿರುಗಿ ಕೈಮುಗಿದಳು. ಶನಿವಾರ ಈ ಹುಡುಗಿಗೆ ಯಾರೂ ದಿಕ್ಕಿರಲಿಲ್ಲವಂತೆ, ನೀವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಔಷಧ ಕೊಡಿಸಿ, ಗಾಡಿ ಹತ್ತಿಸಿದಿರಂತೆ, ನಿಮ್ಮ ದೊಡ್ಡ ಉಪಕಾರವಾಯಿತು ಎಂದು ಮರಾಠಿಯಲ್ಲಿ ಹೇಳುತ್ತ ಹೋದಳು. ಬೆಂಚಿನ ಸಂಗತಿಯನ್ನು ಮಲ್ಲಮ್ಮ ಅವಳಿಗೆ ಹೇಳಿರಲಿಲ್ಲ. ಹಾಗಲ್ಲ, ನಡೆದದ್ದು ಬೇರೆ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರ ನಂಬರು ಕರೆದರು, ಇಬ್ಬರೂ ಒಳಗೆ ಹೋದರು.

ಹಲ್ಲು ತೆಗೆಸಿಕೊಂಡು ಅವಳು ಹೊರಬಂದಳು. ಹತ್ತಿ ಕಚ್ಚಿಕೊಂಡಿದ್ದರಿಂದ ಮಾತಾಡುವಂತಿರಲಿಲ್ಲ, ತಲೆಯಾಡಿಸಿದಳು. ನಾನು ಗೇಟಿನವರೆಗೆ ಹೋದೆ. ಅಂಗಡಿಯವಳು ಏನೋ ಹೇಳುತ್ತ ಮುಂದೆ, ಮಲ್ಲಮ್ಮ ಹಿಂದೆ, ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು ಸ್ಟೇಶನ್ನಿನ ಕಡೆ ನಡೆದರು. ತಿರುವಿನಲ್ಲಿ ಮಲ್ಲಮ್ಮ ನಿಂತು ಒಮ್ಮೆ ಹಿಂದೆ ನೋಡಿ ಕೈ ಎತ್ತಿದಳು. ನಾನೂ ಎತ್ತಿದೆ. ಅವರು ಮರೆಯಾದ ಮೇಲೂ ಆ ಕೈಯನ್ನು ಇಳಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.