ಹೆಸರಿರುವ ಬೆಂಚು

ಹೊಳಲ್ಕೆರೆಯ ನಮ್ಮ ಬಡಾವಣೆಯ ಪಾರ್ಕು ದೊಡ್ಡದೇನಲ್ಲ. ನಾಲ್ಕಾರು ಹೊಂಗೆ ಮರ, ತುಕ್ಕು ಹಿಡಿದ ಒಂದು ಜಾರುಬಂಡೆ, ಸುತ್ತಲೂ ನಡೆಯುವವರ ದಾರಿ. ಪಕ್ಕದಲ್ಲೇ ಚರ್ಚು. ಚರ್ಚಿನ ಹಿಂದಿನ ಹಾಲ್‌ನಲ್ಲಿ ವಾರಕ್ಕೊಮ್ಮೆ ಒಬ್ಬ ಸಿಸ್ಟರ್ ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುತ್ತಾರೆ. ಯಾವ ಜಾತಿ, ಯಾವ ದೇವರು ಎಂದು ಕೇಳುವುದಿಲ್ಲ. ಚಪ್ಪಲಿ ಸಾಲಾಗಿ ಬಿಡದಿದ್ದರೆ ಮಾತ್ರ ಗದರುತ್ತಾರೆ. ಲಕ್ವ ಹೊಡೆದು ಎಡಗಾಲು ಸೋತ ಅಪ್ಪನನ್ನು ತಾಳ್ಯದ ಕಡೆಯ ನಮ್ಮ ಹಳ್ಳಿಯಿಂದ ನಾನು ಕರೆತಂದದ್ದು ಆ ಹಾಲ್‌ನ ಆಸೆಗೇ.

ಅಪ್ಪ ಕುರಿ ಕಾಯ್ದವನು. ಜೀವಮಾನವೆಲ್ಲ ನಡೆದವನಿಗೆ ನಡೆಯುವುದನ್ನು ಕಲಿಸಬೇಕಾಗಿ ಬಂತಲ್ಲ ಎಂದು ನನಗೆ ಸಂಕಟ. ಸಿಸ್ಟರ್ ಮಾತ್ರ ಮುಲಾಜಿಲ್ಲದೆ ಹೇಳಿದ್ದರು: "ದಿನಾ ಪಾರ್ಕಿನಾಗೆ ನಡೀಲಿ. ಸುಸ್ತಾದ್ರೆ ಕೂರ್ಲಿ, ಮತ್ತೆ ಎದ್ದು ನಡೀಲಿ. ಈಗ ಕಾಲು ಪಳಗದಿದ್ರೆ ಆಮೇಲೆ ಹಾಸಿಗೇನೆ ಗತಿ."

ಮೊದಲ ದಿನ ಅಪ್ಪ ಕೋಲೂರಿಕೊಂಡು ಮೊದಲ ಬೆಂಚಿನವರೆಗೆ ಬಂದು ಉಸ್ಸೆಂದು ಕೂತ. ಒರಗುವ ಕಲ್ಲಿನ ಮೇಲೆ ಕೊರೆದ ಅಕ್ಷರ ಬೆರಳಿಗೆ ತಾಗಿರಬೇಕು. "ಏನ್ ಬರ್ದೈತೆ, ಓದವ್ವ" ಎಂದ. ಓದಿ ಹೇಳಿದೆ. ಒಬ್ಬ ಹೆಣ್ಣುಮಗಳ ಹೆಸರು, ಕೆಳಗೆ 'ಇವರ ನೆನಪಿಗಾಗಿ' ಎಂದಿತ್ತು.

ಅಪ್ಪ ಎದ್ದ ವೇಗ ನೋಡಿದ್ದರೆ ಸಿಸ್ಟರ್‌ಗೆ ಖುಷಿಯಾಗುತ್ತಿತ್ತು. ಬೆಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಸತ್ತೋರ ಕಲ್ಲಿನ ಮ್ಯಾಲೆ ಕುಂಡ್ರಿಸಿದ್ಯಲ್ಲೇ! ಮೊದ್ಲೇ ಹೇಳಾಕೆ ಏನಾಗಿತ್ತು?"

"ಸಮಾಧಿ ಅಲ್ಲಪ್ಪ ಇದು. ಅವರ ಮನೇರು ದಾನ ಕೊಟ್ಟಿರೋ ಬೆಂಚು."

"ಹೆಸರು ಐತಲ್ಲ!"

ನಮ್ಮ ಕಡೆ ಸತ್ತವರ ಹೆಸರು ಬರೆಸುವುದು ಹೊಲದ ಮೂಲೆಯ ಕಲ್ಲಿನ ಮೇಲೆ. ಹಬ್ಬಕ್ಕೆ ನೀರೆರೆದು ಹೂವಿಡುತ್ತೇವೆ. ಕುರಿಮರಿ ಹತ್ತಿದರೂ ಓಡಿಸುತ್ತೇವೆ. ಈ ಪಾರ್ಕಿನಲ್ಲೋ, ಹೆಸರಿಲ್ಲದ ಬೆಂಚೇ ಇಲ್ಲ.

ಆಮೇಲೆ ಅಪ್ಪ ಗೇಟಿನ ಹತ್ತಿರವೇ ನಾಲ್ಕು ಹೆಜ್ಜೆ ಹಾಕಿ ಕೋಲಿಗೆ ಒರಗಿ ನಿಲ್ಲತೊಡಗಿದ. ಕುರಿ ಮೇಯಿಸುವಾಗ ಹಾಗೆ ನಿಂತೇ ಹೊತ್ತು ಮುಳುಗಿಸುತ್ತಿದ್ದವನು. ಈಗ ಕಾಲು ನಡುಗುತ್ತಿತ್ತು. ಒಂದು ಸಂಜೆ ಮುಗ್ಗರಿಸಿ ಮೊಣಕಾಲು ತರಚಿಕೊಂಡ. ಅಲ್ಲಿಗೆ ಪಾರ್ಕಿಗೆ ಬರುವುದನ್ನೇ ಬಿಟ್ಟ. ಮನೆಯಿಂದ ಕುರ್ಚಿ ಹೊತ್ತು ತರುತ್ತೇನೆಂದರೆ, "ನಾನೇನ್ ಮದುವೆ ಗಂಡಾ?" ಎಂದು ರೇಗಿದ. ನಾನೂ ರೇಗಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅಪ್ಪನಿಂದಲೇ ಬಂದದ್ದು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಅವ್ವ ತೀರಿಕೊಂಡ ಮೇಲೆ ಅವಳ ಹೆಸರಿನಲ್ಲಿ ಇದೇ ಪಾರ್ಕಿಗೊಂದು ಬೆಂಚು ಕೊಡಿಸಬೇಕೆಂದು ನನಗೆ ತುಂಬ ಆಸೆಯಿತ್ತು. ಆ ಮಾತು ಎತ್ತಿದಾಗ ಅಪ್ಪನ ಮುಖ ಕಪ್ಪಿಟ್ಟಿತು. "ನಿಮ್ಮವ್ವನ ಮ್ಯಾಲೆ ಬಂದ್ಬಂದೋರೆಲ್ಲ ಕುಂತ್ಕಳ್ಳಾದಾ?" ಎಂದ. ನಾನು ಮತ್ತೆ ಆ ವಿಷಯ ತೆಗೆಯಲಿಲ್ಲ.

ಆ ವಾರ ಹಾಲ್‌ನಲ್ಲಿ ಸಿಸ್ಟರ್ ಅಪ್ಪನ ಕಾಲು ಮಡಿಸಿ ನೋಡಿ, ಮತ್ತೆ ಬಿಗಿದುಕೊಳ್ಳುತ್ತಿದೆಯಲ್ಲ ಎಂದರು. ನಾಚಿಕೆಪಡುತ್ತಲೇ ನಡೆದದ್ದೆಲ್ಲ ಹೇಳಿದೆ. ಅವರು ನಗಲಿಲ್ಲ. "ಮೊದಲ್ನೇ ಬೆಂಚಿನ ಆ ಅಮ್ಮನ ಯಜಮಾನ್ರು ದಿನಾ ಸಂಜೆ ಬರ್ತಾರಜ್ಜ. ಅವರ್ನೇ ಒಂದ್ ಮಾತು ಕೇಳ್ರಿ" ಎಂದರು.

ಕೇಳುವುದು ಅಪ್ಪನಿಗೆ ಒಪ್ಪಿಗೆಯಾಯಿತು. ಕಂಡವರ ಹೊಲದಲ್ಲಿ ಮಂದೆ ನಿಲ್ಲಿಸುವ ಮುಂಚೆ ಹೊಲದ ಯಜಮಾನನನ್ನು ಕೇಳಿ ಕೇಳಿ ರೂಢಿಯಾದವನು. ಅದೇ ಸಂಜೆ ಹೆಗಲಿಗೆ ಕಂಬಳಿ ಹಾಕಿಕೊಂಡು ಹೊರಟ.

ಆ ಹಿರಿಯರು ಕರವಸ್ತ್ರದಿಂದ ಬೆಂಚಿನ ಧೂಳು ಒರೆಸುತ್ತಿದ್ದರು. ಅಪ್ಪ ದೂರದಲ್ಲೇ ಚಪ್ಪಲಿ ಬಿಟ್ಟ. "ಯಜಮಾನ್ರೆ, ಕಾಲು ಸೋತೈತೆ. ನಿಮ್ಮ ಮನೆಯಮ್ಮನ ಜಾಗದಾಗೆ ಒಂಚೂರು ಕುಂತ್ಕಳ್ಳಲಾ?"

ಅವರು ಅಪ್ಪನನ್ನೇ ನೋಡಿದರು. ಇಷ್ಟು ದಿನದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲವೇನೋ. ಕಣ್ಣು ಒದ್ದೆಯಾಯಿತು. "ಕುಂತ್ಕಳ್ರಿ. ಬಾಗ್ಲಿಗೆ ಬಂದೋರ್ನ ನಿಂತ್ಕಂಡು ಮಾತಾಡಾಕೆ ಬಿಟ್ಟೋಳೇ ಅಲ್ಲ ಆಕೆ. ಮೊದ್ಲು ಕುಂತ್ಕಳ್ರಿ ಅನ್ನೋಳು, ಆಮೇಲೆ ಯಾರು ಅಂತ ಕೇಳೋಳು. ಅದಕ್ಕೇ ಬೆಂಚು ಹಾಕ್ಸಿದ್ದು. ನೀವು ನಿಂತೇ ಇದ್ರೆ ಆಕೆಗೇ ಬೇಜಾರು."

ಅಪ್ಪ ಕಂಬಳಿ ಮಡಿಸಿ ಬೆಂಚಿಗೆ ಹಾಸಿದ. ನಮ್ಮಲ್ಲಿ ಕಂಬಳಿ ಹಾಸುವುದು ದೇವರಿಗೆ, ಬಿಟ್ಟರೆ ಮರ್ಯಾದೆಯ ನೆಂಟರಿಗೆ. ಮೊದಲು ಅವರನ್ನು ಕೂರಿಸಿ, ಆಮೇಲೆ ತಾನು ಅಂಚಿನಲ್ಲಿ ಕೂತ. ಚರ್ಚಿನ ಗಂಟೆ ಹೊಡೆಯುವವರೆಗೂ ಇಬ್ಬರೂ ಕುರಿ, ಮಳೆ, ಮಂಡಿನೋವು ಅಂತ ಮಾತಾಡಿದರು.

ಈಗ ಅಪ್ಪ ಎರಡನೇ ಬೆಂಚಿನವರೆಗೂ ನಡೆಯುತ್ತಾನೆ. ಅದರ ಮನೆಯವರು ಊರು ಬಿಟ್ಟು ಹೋಗಿದ್ದಾರೆ, ಕೇಳಲು ಯಾರೂ ಇಲ್ಲ. ನನ್ನಿಂದ ಹೆಸರು ಓದಿಸಿಕೊಂಡು ಕಲ್ಲನ್ನೇ ಕೇಳಿದ: "ಒಂಚೂರು ಕುಂತ್ಕತೀನಿ ಕಣಪ್ಪ." ದಿನವೂ ಕೇಳುತ್ತಾನೆ. ಮೊದಮೊದಲು ನನಗೆ ನಗು ಬರುತ್ತಿತ್ತು, ಈಗ ಬರುವುದಿಲ್ಲ.

ಅಲ್ಲಿಂದಾಚೆ ಪಾರ್ಕಿನ ದೂರದ ತಿರುವು ದಾಟುವವರೆಗೆ ಬೆಂಚಿಲ್ಲ. ಅಷ್ಟು ದೂರ ಹೋಗುವ ಧೈರ್ಯ ಅಪ್ಪನಿಗಿರಲಿಲ್ಲ. ನಿನ್ನೆ ಸಂಜೆ ಕೂತವನು ಆ ಕಡೆಯೇ ನೋಡುತ್ತಿದ್ದ.

"ಆ ಹೊಂಗೆ ಮರದ ತಿರುವಿನಾಗೆ ಯಾರ್ದೂ ಇಲ್ಲ ಅಲ್ಲೇನವ್ವ?"

"ಇಲ್ಲಪ್ಪ."

ಕೋಲಿನ ತುದಿಯಿಂದ ನೆಲ ಕೆದಕಿದ.

"ನಿಮ್ಮವ್ವಂದು ಅಲ್ಲಿ ಹಾಕ್ಸು. ಅಲ್ಲಿಗಂಟ ನಡೀತೀನಿ."