ನಮ್ಮ ಓರಗಿತ್ತಿ ಡಾಕ್ಟರಿಗೆ ಹೇಳಿದ ಚಾಡಿ

ನಮ್ಮ ಓರಗಿತ್ತಿಯ ಪಾದಗಳು ವರ್ಷವಿಡೀ ಬೆಳ್ಳಗಿರುತ್ತಿದ್ದವು. ಹುಳುಮನೆಯ ಬಾಗಿಲಲ್ಲಿ ನಾವು ಸುಣ್ಣದ ಪುಡಿ ಹರಡಿರುತ್ತೇವೆ. ಹೊರಗಿನ ರೋಗ ರೇಷ್ಮೆಹುಳುವಿಗೆ ತಗಲಬಾರದು ಅಂತ ಒಳಗೆ ಹೋಗುವವರೆಲ್ಲ ಅದನ್ನು ತುಳಿದೇ ಹೋಗಬೇಕು. ಹೊರಗೆ ಬಂದ ಮೇಲೆ ನಾವೆಲ್ಲ ಕಾಲು ತೊಳೆಯುತ್ತಿದ್ದೆವು, ಅವಳು ತೊಳೆಯುತ್ತಿರಲಿಲ್ಲ. ಹಾಗಾಗಿ ಅವಳು ದಿನದಲ್ಲಿ ಎಲ್ಲೆಲ್ಲಿ ನಿಂತಿದ್ದಳು ಅನ್ನುವುದಕ್ಕೆ ನೆಲವೇ ಸಾಕ್ಷಿ. ನನ್ನ ಕೋಣೆಯ ಕಿಟಕಿಯ ಕೆಳಗೆ ಎರಡು ಬಿಳಿ ಹೆಜ್ಜೆ ಯಾವಾಗಲೂ ಇರುತ್ತಿದ್ದವು, ಬೆರಳುಗಳು ಗೋಡೆಯ ಕಡೆಗೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು ಅನ್ನುತ್ತಾರೆ. ಹಾಗೆ ಮಾಡಿದರೆ ಈ ಬರಹ ಇಲ್ಲಿಗೇ ಮುಗಿಯುತ್ತದೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ, ಬಾಯಲ್ಲಿ ಮಾತ್ರ. ಕಬ್ಬಾಳಿನ ಕಡೆ ನಮ್ಮೂರು. ಅಣ್ಣತಮ್ಮಂದಿರದು ಒಂದೇ ಹಿಪ್ಪುನೇರಳೆ ತೋಟ, ಒಂದೇ ಹುಳುಮನೆ, ಒಂದೇ ಒಲೆ. ಆ ಒಲೆಯ ಮುಂದೆ ನಾವಿಬ್ಬರು. ಅವಳು ಮೆತ್ತಗೆ ಮಾತಾಡುತ್ತಿದ್ದುದು ಹುಳುಗಳ ಹತ್ತಿರ ಮಾತ್ರ. ಸೊಪ್ಪು ಹಾಕುತ್ತಾ "ತಿನ್ನಿ ನನ್ ಕಂದಗಳಾ" ಅನ್ನುವಳು, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ಏನಮ್ಮಿ ಅದು, ಕೈಯ್ಯಾ, ಕೊಂಬಾ? ಒಸಿ ನಯವಾಗಿ ಆಕು" ಅನ್ನುವಳು. ಯಾರಾದರೂ ಚಾಡಿ ಹೇಳಬೇಡ ಅಂದರೆ ಅವಳ ಉತ್ತರ ಸಿದ್ಧವಿತ್ತು: "ನಾನ್ ಚಾಡಿ ಯೋಳಾಕಿಲ್ಲ. ಇದ್ದದ್ದು ಯೋಳ್ತೀನಿ."

ನಮ್ಮ ಮನೆಯಲ್ಲಿ ಒಂದು ಲೆಕ್ಕವಿದೆ. ಹುಳುಮನೆಯಲ್ಲಿ ಕೈಯಾಡಿಸುವ ಹೆಂಗಸಿಗೆ ಮಾತಾಡುವ ಹಕ್ಕು, ಉಳಿದವಳು ಸುಮ್ಮನೆ ಉಂಡು ಬಿದ್ದಿರಬೇಕು. ನಾನು ಸುಮ್ಮನಿರುವ ಪೈಕಿ ಅಲ್ಲ. ಆದ್ದರಿಂದ ನನ್ನ ಕೈಗೆ ಇಸುಬು ಬಂದಾಗ ನನಗೆ ಭಯವಾದದ್ದು ಕೈಯ ಬಗ್ಗೆ ಅಲ್ಲ, ಅವಳ ಬಗ್ಗೆ.

ಮೊದಲು ಬೆರಳ ಸಂದಿಯಲ್ಲಿ ತುರಿಕೆ. ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆ. ಆಮೇಲೆ ಚರ್ಮ ಬಿರಿದು ರಸಿಗೆ ಸೋರತೊಡಗಿತು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಪ್ರಾಣ ಹೋಗುವಷ್ಟು ಉರಿ, ಚಮಚದಲ್ಲಿ ಮುದ್ದೆ ತಿಂದವಳು ನಮ್ಮೂರಲ್ಲಿ ನಾನೇ ಮೊದಲಿರಬೇಕು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ನನ್ನನ್ನು ಗುರುತಿಸಲಿಲ್ಲ. ಮೆಡಿಕಲ್ ಸ್ಟೋರಿನವನು ಕೊಟ್ಟ ಟ್ಯೂಬು ನಾಲ್ಕು ದಿನ ತಣ್ಣಗಿಟ್ಟು, ಬಿಟ್ಟ ಮೇಲೆ ಎರಡರಷ್ಟು ಕೆರಳಿಸಿತು.

ಅಷ್ಟರಲ್ಲಿ ನಮ್ಮ ಒಂದು ಬೆಳೆ ಹೋಯಿತು. ಹಾಲುತೊಂಡೆ ರೋಗ ಬಂದು ಹುಳುಗಳು ಊದಿಕೊಂಡು ಒಡೆದವು. ಮಳೆಗಾಲದಲ್ಲಿ ಅಕ್ಕಪಕ್ಕದ ಮನೆಗಳಲ್ಲೂ ಹೋಗಿತ್ತು. ಆದರೆ ಇವಳು ನಲ್ಲಿಯ ಹತ್ತಿರ ನಿಂತು, ನನ್ನ ಕೈಯ ಕೀವು ಸೊಪ್ಪಿಗೆ ತಗಲಿ ಹುಳ ಸತ್ತವು ಅಂತ ಊರಿಗೆಲ್ಲ ಸಾರಿದಳು. ಭಾವ ತಲೆ ತಗ್ಗಿಸಿಕೊಂಡು ಹೋದರು. ನನ್ನ ಗಂಡ, ಆಸ್ಪತ್ರೆಗಾದರೂ ತೋರಿಸು ಅಂದ. ಕನಕಪುರಕ್ಕೆ ಹೋದರೆ ಚರ್ಮದ ಡಾಕ್ಟರು ಅವತ್ತು ಬಂದಿರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುತ್ತಾ ಫೋನಿನಲ್ಲಿ ಹುಡುಕಿ ಒಂದು ಆ್ಯಪ್ ಹಾಕಿಕೊಂಡೆ. ಫೋಟೋ ಕಳಿಸಿದೆ. ಬೆಂಗಳೂರಿನ ಡಾಕ್ಟರಮ್ಮ ಒಬ್ಬರು ಉತ್ತರಿಸಿದರು: ಇದು ಕೈ ಎಕ್ಸಿಮಾ, ಅಂಟುರೋಗವಲ್ಲ, ಈ ಮುಲಾಮು ಹಚ್ಚಿ, ಕೈ ತೊಳೆದಾಗಲೆಲ್ಲ ಈ ಕ್ರೀಮು ದಪ್ಪಗೆ ಬಳಿಯಿರಿ. ಮನೆಯಲ್ಲಿ ಏನಾದರೂ ಕೆಮಿಕಲ್ ಮುಟ್ಟುತ್ತೀರಾ ಅಂತಲೂ ಕೇಳಿದ್ದರು. ಇಲ್ಲ ಅಂತ ಬರೆದೆ.

ನಾನು ಸುಳ್ಳು ಬರೆದೆ ಅಂದುಕೊಳ್ಳಬೇಡಿ. ಹುಳುಮನೆಗೆ ಹೋಗುವ ಮುಂಚೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿಗೆ ಕೈ ಅದ್ದುವುದು ನಮಗೆ ಕೆಮಿಕಲ್ ಅಲ್ಲ, ಮಡಿ. ದೇವರ ಮನೆಗೆ ಹೋಗುವ ಮುಂಚೆ ಕಾಲು ತೊಳೆದ ಹಾಗೆ. ಮೇಲಾಗಿ ಹುಳುವಿಗೆ ವಾಸನೆ ಆಗಿಬರುವುದಿಲ್ಲ. ಬೀಡಿ ಸೇದಿದವರನ್ನು, ಪೌಡರ್ ಬಳಿದವರನ್ನು ನಾವು ಒಳಗೆ ಬಿಡುವುದಿಲ್ಲ. ಅಂಥದ್ದರಲ್ಲಿ ಮುಲಾಮು ಬಳಿದ ಕೈಯಲ್ಲಿ ಸೊಪ್ಪು ಮುಟ್ಟುವುದುಂಟೇ? ನಾನು ಮುಲಾಮು ಹಚ್ಚುತ್ತಿದ್ದೆ, ಸೊಪ್ಪಿನ ಹೊತ್ತಾದಾಗ ಸೋಪು ಹಾಕಿ ಉಜ್ಜಿ ತೆಗೆಯುತ್ತಿದ್ದೆ, ಆಮೇಲೆ ಬ್ಲೀಚಿಂಗ್ ನೀರಿಗೆ ಅದ್ದುತ್ತಿದ್ದೆ. ಅವಳ ಬಾಯಿಗೆ ಸಿಗಬಾರದು ಅಂತ ಬೇರೆಯವರು ಒಮ್ಮೆ ಅದ್ದುವ ಕಡೆ ನಾನು ಎರಡು ಸಲ ಅದ್ದುತ್ತಿದ್ದೆ. ಕೈ ಸುಟ್ಟ ಬದನೆಕಾಯಿಯ ಹಾಗಾಯಿತು.

ವಾಸಿಯಾಗಿಲ್ಲ ಅಂತ ತಿಳಿಸಿದ್ದಕ್ಕೆ ಡಾಕ್ಟರಮ್ಮ ವಿಡಿಯೋ ಕಾಲ್‌ನಲ್ಲಿ ನೋಡುತ್ತೇನೆ ಅಂದರು. ಎರಡೂ ಕೈ ತೋರಿಸಬೇಕು, ಫೋನು ಹಿಡಿಯುವವರು ಯಾರು? ಗಂಡ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೋಗಿದ್ದ. ಭಾವ ತೋಟದಲ್ಲಿದ್ದರು. ಮನೆಯಲ್ಲಿ ಇದ್ದವಳು ಅವಳೊಬ್ಬಳೇ. ಮನಸ್ಸಿಲ್ಲದ ಮನಸ್ಸಿನಿಂದ ಫೋನ್ ಹಿಡಿ ಅಕ್ಕ ಅಂತ ಕರೆದೆ. ಅವಳು ಮಾತ್ರ ಕರೆದಿದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಬಂದು ನಿಂತಳು.

ಡಾಕ್ಟರಮ್ಮ ಕೈ ಹತ್ತಿರ ತರಿಸಿ ನೋಡಿದರು. ಕ್ರೀಮು ಹಚ್ಚುತ್ತಿದ್ದೀರಾ ಅಂದರು. ತಪ್ಪದೆ ಹಚ್ಚುತ್ತೇನೆ ಅಂದೆ. ಆಗ ಫೋನು ಇದ್ದಕ್ಕಿದ್ದ ಹಾಗೆ ನನ್ನ ಕೈಯಿಂದ ದೂರ ಸರಿದು ಅವಳ ಮುಖದ ಕಡೆ ತಿರುಗಿತು.

"ಸುಳ್ಳು ಯೋಳ್ತಾವ್ಳೆ ಮೇಡಂ. ಹಚ್ಕತಾಳೆ, ತೊಳ್ಕತಾಳೆ. ಬ್ಲೀಚಿಂಗ್ ನೀರ್ಗೆ ಕೈ ಅದ್ದಿ ಅದ್ದಿ ಎಮ್ಮೆ ನೀರಿಗ್ ಬಿದ್ದಂಗೆ ಆಡ್ತಾಳೆ. ಕಬ್ಬಾಳಮ್ಮನ ಆಣೆಗೂ ನಾನ್ ನೋಡಿವ್ನಿ."

"ಯಾವ ಬ್ಲೀಚಿಂಗ್ ನೀರು?" ಅಂದರು ಡಾಕ್ಟರಮ್ಮ.

ಸಿಕ್ಕಿದ್ದೇ ಅವಕಾಶ ಅಂತ ಅವಳು ನನ್ನದೆಲ್ಲವನ್ನೂ ಒಪ್ಪಿಸಿದಳು. ಪೌಡರ್ ಎಷ್ಟು ಕಲಸುತ್ತಾಳೆ, ಹೇಗೆ ಸೋಪು ಉಜ್ಜುತ್ತಾಳೆ, ಪಾತ್ರೆಗೆ ಬೂದಿ ಹಾಕಿ ತಿಕ್ಕುತ್ತಾಳೆ, ಕದ್ದು ಬಿಸಿನೀರಲ್ಲಿ ಕೈ ಇಟ್ಟುಕೊಂಡು ತುರಿಕೆ ತೀರಿಸಿಕೊಳ್ಳುತ್ತಾಳೆ. ಬಿಸಿನೀರಿನದು ನನ್ನ ಗಂಡನಿಗೂ ಗೊತ್ತಿರಲಿಲ್ಲ. ನಾನು ಫೋನು ಕಿತ್ತುಕೊಳ್ಳಲು ಹೋದೆ, ಬೆರಳು ಮಡಚಲಾಗಲಿಲ್ಲ.

ಡಾಕ್ಟರಮ್ಮ ಅವಳನ್ನು ತಡೆಯಲಿಲ್ಲ. ಎಲ್ಲ ಕೇಳಿಸಿಕೊಂಡು, ಇದನ್ನು ಮೊದಲೇ ಹೇಳಿದ್ದರೆ ಇಷ್ಟು ದಿನ ವ್ಯರ್ಥವಾಗುತ್ತಿರಲಿಲ್ಲ ಅಂದರು. ಆ ನೀರೇ ಕೈಯನ್ನು ಸುಡುತ್ತಿರುವುದು, ಚರ್ಮ ಕೂಡಿಕೊಳ್ಳುವವರೆಗೆ ಹುಳುಮನೆ ಬೇಡ, ಪಾತ್ರೆಯೂ ಬೇಡ, ಆಮೇಲೆ ಒಳಗೆ ಹತ್ತಿಯ ಗ್ಲೌಸು, ಅದರ ಮೇಲೆ ರಬ್ಬರ್ ಗ್ಲೌಸು ಹಾಕಿಕೊಂಡು ಕೆಲಸ ಮಾಡಬಹುದು ಅಂದರು. ಅಂಟುವುದಿಲ್ಲ ಅಂತ ಇನ್ನೊಮ್ಮೆ ಹೇಳಿದಾಗ ಇವಳಿಗೆ ರೇಗಿತು. "ಫೋನಾಗೇ ನೋಡ್ಬುಟ್ಟು ಅಂಟಾಕಿಲ್ಲ ಅಂತೀರಲ್ಲ, ಮುಟ್ ನೋಡುದ್ರಾ?"

"ನೀವು ಮುಟ್ಟಿದ್ದೀರಾ?" ಅಂತ ಡಾಕ್ಟರಮ್ಮ ಕೇಳಿದರು. ಅವಳು ತಟ್ಟನೆ ಫೋನನ್ನು ಮತ್ತೆ ನನ್ನ ಕೈಗಳ ಕಡೆ ತಿರುಗಿಸಿದಳು.

ಆದರೆ ಗೆದ್ದವಳು ಅವಳೇ. ಸಂಜೆಯ ಹೊತ್ತಿಗೆ ಮನೆಯಲ್ಲೆಲ್ಲ ಸುದ್ದಿ: ಡಾಕ್ಟರೇ ಹುಳುಮನೆ ಬೇಡ ಅಂದಿದ್ದಾರೆ. ಗಂಡ, ಭಾವ ಇಬ್ಬರೂ ಒಪ್ಪಿದರು. ನಾನು ಜಗಲಿಯ ಮೇಲೆ ಕೈಗೆ ಮುಲಾಮು ಬಳಿದುಕೊಂಡು ಕೂತೆ. ಬೀಗರ ಮನೆಗೆ ಬಂದವಳ ಹಾಗೆ, ಯಾರೂ ಯಾವುದಕ್ಕೂ ಕೇಳರು.

ಅವಳು ಯೋಚಿಸದೇ ಇದ್ದದ್ದು ಪಾತ್ರೆಯ ವಿಷಯ. ಹುಳುಮನೆಯಿಂದ ನನ್ನನ್ನು ಹೊರಗೆ ಹಾಕಿದ ಬಾಯಿಂದಲೇ ಪಾತ್ರೆ ತೊಳೆ ಅನ್ನುವ ಹಾಗಿರಲಿಲ್ಲ, ಮುಂದಿನ ಕಾಲ್‌ನಲ್ಲಿ ಡಾಕ್ಟರಮ್ಮ ಕೇಳುತ್ತಾರಲ್ಲ. ಇದ್ದದ್ದು ಹೇಳುವವಳು ಬೇರೆ. ಹಾಗಾಗಿ ಆ ಕಾಲವೆಲ್ಲ ಎರಡು ಸಂಸಾರದ ಪಾತ್ರೆ ಅವಳೇ ತೊಳೆದಳು. ತೊಳೆದಳು ಅನ್ನುವುದಕ್ಕಿಂತ ಬಡಿದಳು. ತಪ್ಪಲೆ ಎತ್ತಿ ಕುಕ್ಕುವ ಸದ್ದಿನ ನಡುವೆ, ಯಾವ ಮಹಾರಾಣಿ, ಯಾವ ಅರಮನೆ, ಎಲ್ಲ ಬೀದಿಗೆ ಕೇಳುವ ಹಾಗೆ ಬರುತ್ತಿತ್ತು. ನಾನೂ ಸುಮ್ಮನಿರಲಿಲ್ಲ. ತಳದಲ್ಲಿ ಇನ್ನೂ ಮುದ್ದೆ ಅಂಟಿದೆ ನೋಡಕ್ಕ ಅನ್ನುತ್ತಿದ್ದೆ.

ಡಾಕ್ಟರಮ್ಮನ ಕಾಲ್ ಬಂದರೆ ನನಗಿಂತ ಮೊದಲು ಅವಳು ಹಾಜರು. ಮೊನ್ನೆ ಈರುಳ್ಳಿ ಸುಲಿದಳು ಮೇಡಂ. ನೆನ್ನೆ ಮಲಗುವಾಗ ಮುಲಾಮು ಹಚ್ಚಲಿಲ್ಲ ಮೇಡಂ. ಅವಳ ಕಣ್ಣು ತಪ್ಪಿಸಿ ಕೈ ಒದ್ದೆ ಮಾಡಿಕೊಳ್ಳುವುದೇ ಅಸಾಧ್ಯವಾಯಿತು. ಕದ್ದು ಬಿಸಿನೀರಿನ ಹತ್ತಿರ ಹೋದರೆ ಹಿಂದಿನಿಂದ ಕೆಮ್ಮು ಕೇಳಿಸುತ್ತಿತ್ತು. ಮೊದಲು ರಸಿಗೆ ನಿಂತಿತು, ಆಮೇಲೆ ತುರಿಕೆ. ಬಿರುಕುಗಳು ಒಂದೊಂದಾಗಿ ಕೂಡಿಕೊಂಡವು. ಒಂದು ಮಧ್ಯಾಹ್ನ ಚಮಚ ಪಕ್ಕಕ್ಕಿಟ್ಟು ಕೈಯಲ್ಲೇ ಮುದ್ದೆ ಮುರಿದೆ. ಉರಿಯಲಿಲ್ಲ. ಎದುರಿಗೆ ಕೂತಿದ್ದವಳು ನೋಡಿದಳು. "ಸದ್ಯ, ಇನ್ನು ಪಾತ್ರೆಗೆ ಬಾ" ಅಂದಳು.

ಪಾತ್ರೆಗೆ ಕರೆದಳು, ಹುಳುಮನೆಗೆ ಕರೆಯಲಿಲ್ಲ. ಗ್ಲೌಸು ಹಾಕಿಕೊಂಡು ಬತ್ತೀನಿ ಅಂದರೆ, ರಬ್ಬರ್ ವಾಸನೆಗೆ ಹುಳ ಸೊಪ್ಪು ಬಿಡುತ್ತವೆ ಅಂತ ಹೊಸದೊಂದು ಶಾಸ್ತ್ರ ಹೇಳಿದಳು. ಜಗಳವಾಡಿದೆ. ಗಂಡ, ಹೋಗಲಿ ಬಿಡು ಅಂದ. ಆಮೇಲಿನ ಬೆಳೆಗಳೆಲ್ಲ ಅವಳದೇ. ಊರಲ್ಲಿ ಯಾರಾದರೂ ಹೊಗಳಿದರೆ, ಒಬ್ಬಳೇ ಸಾಕಿದೆ ಅಂತ ನನಗೆ ಕೇಳುವ ಹಾಗೆ ಅನ್ನುತ್ತಿದ್ದಳು. ನನ್ನ ಕೈ ವಾಸಿಯಾಯಿತು, ಮನೆಯಲ್ಲಿ ನನ್ನ ಮಾತು ಹೋಯಿತು. ಇದನ್ನು ಉಪಕಾರ ಅಂತ ನಾನು ಹೇಗೆ ಕರೆಯಲಿ? ಒಳ್ಳೆಯ ಮನಸ್ಸಿನಿಂದ ಅವಳು ನನಗೆ ಏನೂ ಮಾಡಲಿಲ್ಲ. ಆದರೂ ಅವತ್ತು ಫೋನು ಹಿಡಿಯಲು ನನ್ನನ್ನು ಪ್ರೀತಿಸುವವರು ಯಾರಾದರೂ ಇದ್ದಿದ್ದರೆ, ಹೌದು ಮೇಡಂ, ಪಾಪ, ತಪ್ಪದೆ ಹಚ್ಚುತ್ತಾಳೆ ಅಂದುಬಿಡುತ್ತಿದ್ದರು. ಕೈ ಹೋಗುತ್ತಿತ್ತು.

ಕಳೆದ ವರ್ಷ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಎದೆನೋವು ಅಂದಳು. ಕನಕಪುರದ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಳು. ಮನೆಯಲ್ಲಿ ಹೆಣ, ಹುಳುಮನೆಯಲ್ಲಿ ನಾಲ್ಕನೇ ಜ್ವರದಿಂದ ಎದ್ದ ಹುಳುಗಳು. ಹುಳು ಪೊರೆ ಕಳಚಲು ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ಕಡೆಯ ಜ್ವರದಿಂದ ಎದ್ದವು ಹಸಿದ ಬೆಂಕಿಯ ಹಾಗೆ ತಿನ್ನುತ್ತವೆ, ಒಂದು ಹೊತ್ತು ತಪ್ಪಿದರೆ ಗೂಡು ಜೊಳ್ಳು. ಯಾರಿಗೂ ಅದರ ನೆನಪಿರಲಿಲ್ಲ. ನಾನು ಗ್ಲೌಸುಗಳನ್ನು ಒಂದರ ಮೇಲೊಂದು ಹಾಕಿಕೊಂಡು ಎದ್ದೆ. ಸಾವಿಗೆ ಬಂದು ಬಾಗಿಲಲ್ಲಿ ಕೂತಿದ್ದ ನನ್ನ ಗಂಡನ ದೊಡ್ಡಮ್ಮ, ಸೂತಕದವರು ಹುಳ ಮುಟ್ಟಬಾರದು ಕಣವ್ವ ಅಂದರು.

"ಹೊಟ್ಟೆಗ್ ಸೂತಕ ಐತಾ ದೊಡ್ಡಮ್ಮ?" ಅಂದೆ. ಭಾವ ತಲೆಯೆತ್ತಿ ನೋಡಿದರು, ಬೇಡ ಅನ್ನಲಿಲ್ಲ.

ಅವತ್ತಿನಿಂದ ಗೂಡು ಕಟ್ಟುವವರೆಗೆ ನಾನೊಬ್ಬಳೇ ಸೊಪ್ಪು ಹಾಕಿದೆ. ರಬ್ಬರ್ ವಾಸನೆಗೆ ಒಂದು ಹುಳುವೂ ಸೊಪ್ಪು ಬಿಡಲಿಲ್ಲ. ಗೂಡು ಗಟ್ಟಿ, ಬಿಳುಪು, ಅವಳು ಒಬ್ಬಳೇ ಸಾಕಿದ ಯಾವ ಬೆಳೆಗೂ ಕಮ್ಮಿಯಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತಲೆದೂಗಿದರಂತೆ. ಗಂಡ ಫೋನು ಮಾಡಿ ಹೇಳಿದ. ನಾನು ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋದೆ, ಹಿತ್ತಿಲಿಗೆ ಹೋದೆ. ಹೇಳಿ ಹೊಟ್ಟೆ ಉರಿಸೋಣ ಅಂದರೆ ಅವಳಿಲ್ಲ.