ಆಕಳ ಪಾಲಿನ ರೊಟ್ಟಿ

ಬೆಂಗಳೂರಿನ ಹೂಡಿಗೆ ಬಂದ ಮೊದಲ ಬೆಳಿಗ್ಗೆ ನಾನು ಒಂದು ಕೈಯಲ್ಲಿ ಮೂರು ತಿಂಗಳ ಕೂಸನ್ನೂ ಇನ್ನೊಂದು ಕೈಯಲ್ಲಿ ಬಿಸಿ ಜೋಳದ ರೊಟ್ಟಿಯನ್ನೂ ಹಿಡಿದು ಆಕಳನ್ನು ಹುಡುಕುತ್ತ ಹೊರಟೆ. ಹಿಂದಿನ ದಿನ ಬಂದಿಳಿದಾಗ ಕತ್ತಲಾಗಿತ್ತು. ಸುತ್ತ ಏನಿದೆ ಎಂದು ಕಂಡಿರಲಿಲ್ಲ. ಈಗ ಓಣಿ ದಾಟಿದರೆ ಎದುರಿಗೆ ಕತ್ತೆತ್ತಿದಷ್ಟೂ ಗಾಜಿನ ಗೋಡೆ. ಅದರೊಳಗೆ ಮೋಡ, ಕರೆಂಟ್ ಕಂಬ, ರೊಟ್ಟಿ ಹಿಡಿದ ಒಬ್ಬ ಹೆಂಗಸು. ಆ ಹೆಂಗಸು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಗೇಟಿನ ಸೆಕ್ಯುರಿಟಿಯವನು ಎದ್ದು ಬಂದ. "ಯಾರ್ ಬೇಕು ಮೇಡಂ?"

"ಆಕಳ ಬೇಕಾಗಿತ್ರಿ."

ಅವನು ಕೈಯಲ್ಲಿದ್ದ ಪುಸ್ತಕ ತೆರೆದ. "ಯಾವ ಕಂಪನಿ?"

ಸುರಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಹಂಚಿನ ಮೇಲೆ ಬೆಂದ ಮೊದಲ ರೊಟ್ಟಿ ಆಕಳಿಗೆ. ಆಮೇಲಿನವು ಗಂಡಸರಿಗೆ, ಹಿರಿಯರಿಗೆ. ಸೊಸೆಯದು ಕಡೆಯ ರೊಟ್ಟಿ. ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ನೋಡುತ್ತ ಬೆಳೆದದ್ದು. ಊರು ಬದಲಾದರೆ ಇದೂ ಬದಲಾಗಬಹುದೆಂದು ನನಗೆ ಹೊಳೆದಿರಲಿಲ್ಲ.

ಆಕಳು ಇದ್ದದ್ದು ನಮ್ಮ ಕೋಣೆಯ ಹಿಂದೆಯೇ. ಇಲ್ಲಿ ಅದನ್ನು ಹಸು ಅನ್ನುತ್ತಾರೆ. ಸಾಲಾಗಿ ಆರು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಮುನಿಯಮ್ಮಜ್ಜಿಯ ಹಸು ಅದು. ಆಗಷ್ಟೇ ಕರು ಹಾಕಿತ್ತು. ಗಾಜಿನ ಕಟ್ಟಡ ನಿಂತ ಜಾಗ ಒಂದು ಕಾಲಕ್ಕೆ ಅಜ್ಜಿಯ ಮನೆಯವರ ರಾಗಿ ಹೊಲ. ಹೊಲ ಹೋದರೂ ಕೊಟ್ಟಿಗೆ ಬಿಟ್ಟಿರಲಿಲ್ಲ. ಅಜ್ಜಿ ನನ್ನ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದ್ಯಾವ ದೋಸೆ ಅಮ್ಮಣ್ಣಿ, ಇಷ್ಟೊಂದು ಒಣ?" ಹಸು ಮಾತ್ರ ಏನೂ ಕೇಳದೆ ತಿಂದಿತು.

ಆ ದಿನಗಳ ಉಮೇದು ನನಗೆ ಈಗಲೂ ನೆನಪಿದೆ. ಮದುವೆಯಾಗಿ ಎರಡು ವರ್ಷ ನನ್ನ ಗಂಡ ಇಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸದಲ್ಲಿ, ನಾನು ಅಲ್ಲಿ. ಹೆರಿಗೆ ತವರಿನಲ್ಲಿ ಆಯಿತು. ಒಂದೇ ಸೂರಿನ ಕೆಳಗೆ ಇರುವುದು ಇದೇ ಮೊದಲು. ತಗಡಿನ ಸೂರು, ಒಂದೇ ಕೋಣೆ, ಮೈದುನ ಶರಣನೂ ಊಟಕ್ಕೆ ನಮ್ಮಲ್ಲೇ. ಆದರೂ ಬೆಂಕಿಕಡ್ಡಿ ಗೀರಿದರೆ ಹೊತ್ತುವ ಒಲೆ! ಊರಲ್ಲಿ ನೀರಿಗೆ ಅರ್ಧ ಮೈಲಿ ನಡೆಯುತ್ತಿದ್ದವಳಿಗೆ ಬಾಗಿಲ ಮುಂದೆಯೇ ನಲ್ಲಿ! ಎಲ್ಲವನ್ನೂ ಅವ್ವನಿಗೆ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಬಂದ ಹತ್ತನೆಯ ದಿನದಿಂದ ಕೂಸಿಗೆ ಹಾಲು ಕೊಡಲು ಕೂತರೆ ನನಗೆ ವಾಕರಿಕೆ. ಕೂಸು ಬಾಯಿ ಹಚ್ಚುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಹಾಲು ಇಳಿಯುತ್ತಿತ್ತು. ಅದೇ ಗಳಿಗೆಗೆ ಬಾಯಲ್ಲಿ ಉಪ್ಪು ನೀರು ತುಂಬಿ ಅಂಗಾಲು ತಣ್ಣಗಾಗುತ್ತಿತ್ತು. ಕೆಲವು ದಿನ ಕೂಸನ್ನು ಬಿಡಿಸಿ ಬಚ್ಚಲಿಗೆ ಓಡುತ್ತಿದ್ದೆ. ಕೂಸು ಅಳುತ್ತಿತ್ತು. ಗಂಡನ ಅಂಗಿಗೆ ಹತ್ತಿದ ಸೆಂಟ್ರಿಂಗ್ ಎಣ್ಣೆಯ ವಾಸನೆ ಬಂದರೂ ಸಾಕು, ಹೊಟ್ಟೆ ತೊಳಸುತ್ತಿತ್ತು. ತವರಿನಲ್ಲಿ ಮೂರು ತಿಂಗಳು ಹೀಗೆ ಒಮ್ಮೆಯೂ ಆಗಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಮುಸಿಮುಸಿ ನಕ್ಕರು. "ಇನ್ನೊಂದಾ ಅಕ್ಕಾ, ಇಷ್ಟು ಬೇಗ?" ನನಗೂ ಅದೇ ಅನುಮಾನ ಬಂತು.

ಆರೋಗ್ಯ ಕೇಂದ್ರದ ಸಿಸ್ಟರ್ ಪರೀಕ್ಷೆ ಮಾಡಿ, ಬಸುರಲ್ಲ ಎಂದರು. "ಹಾಲು ಇಳಿಯುವಾಗ ಕೆಲವರಿಗೆ ಹೀಗಾಗುತ್ತೆ. ಖಾಲಿ ಹೊಟ್ಟೆಗೆ, ನೀರು ಕಮ್ಮಿಯಾದ್ರೆ ಜಾಸ್ತಿ. ಒಂಚೂರು ತಿಂದು, ನೀರು ಕುಡಿದು ಹಾಲು ಕೊಡಿ. ವಾಂತಿ ನಿಲ್ಲಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸ್ಬೇಕು. ಬೆಳಿಗ್ಗೆ ಏನ್ ತಿಂತೀರಾ?"

"ರೊಟ್ಟಿ ರೀ," ಎಂದೆ. ಅದು ಸುಳ್ಳಲ್ಲ. ಹೊತ್ತು ಹೇಳಲಿಲ್ಲ, ಅಷ್ಟೆ. ಐದಕ್ಕೆ ಎದ್ದು, ಎರಡು ಸಲ ಹಾಲು ಕೊಟ್ಟು, ಗಂಡ ಮತ್ತು ಮೈದುನನಿಗೆ ಬಡಿಸಿ, ಅವರ ಡಬ್ಬಿ ಕಟ್ಟಿ, ಬಟ್ಟೆ ಒಗೆದು ನಾನು ತಿನ್ನಲು ಕೂರುವಾಗ ಹನ್ನೊಂದು. ರೊಟ್ಟಿ ಅಷ್ಟರಲ್ಲಿ ಹಪ್ಪಳದಂತಾಗಿರುತ್ತಿತ್ತು. ತವರಿನಲ್ಲಿ ಅವ್ವ ಬಾಣಂತಿಗೆಂದು ಹಾಸಿಗೆಗೇ ಬಿಸಿ ರೊಟ್ಟಿ ತರುತ್ತಿದ್ದಳು. ಇಲ್ಲಿ ನಾನು ಬಾಣಂತಿಯಲ್ಲ, ಸೊಸೆ.

ಆ ತಿಂಗಳು ಅಂಗನವಾಡಿಯಲ್ಲಿ ಕೂಸನ್ನು ತೂಕದ ಜೋಳಿಗೆಗೆ ಹಾಕಿದರು. ನಾಲ್ಕು ಕಿಲೋ ಒಂಬೈನೂರು. ಬಂದ ವಾರದಲ್ಲೂ ಅಷ್ಟೇ ಇತ್ತು. ಟೀಚರ್ ಕಾರ್ಡಿನ ಹಳದಿ ಪಟ್ಟಿಯಲ್ಲಿ ಚುಕ್ಕಿ ಇಟ್ಟರು. ಅದನ್ನು ನೋಡಿ ಗಂಡ ಬೈಯಲಿಲ್ಲ. "ಮುಂದಿನ ತಿಂಗಳೂ ತೂಕ ಏರಲಿಲ್ಲಂದ್ರ ಊರಿಗ ಹೋಗಿಬಿಡು ನೀಲಾ. ಇಲ್ಲಿ ನಿನಗ ಒಗ್ಗವಲ್ದು. ಕೂಸು ದೊಡ್ಡದಾದ ಮ್ಯಾಲ ನೋಡೂಣು," ಎಂದರು. ದೊಡ್ಡದಾಗುವುದೆಂದರೆ ಇನ್ನೆರಡು ವರ್ಷ.

ಮರುದಿನ ಬೆಳಿಗ್ಗೆ ಎಂದಿನಂತೆ ಮೊದಲ ರೊಟ್ಟಿ ಹಿಡಿದು ಕೊಟ್ಟಿಗೆಗೆ ಹೋದೆ. ಮುನಿಯಮ್ಮಜ್ಜಿ ಕೈ ಅಡ್ಡ ಹಿಡಿದಳು.

"ನೀನೇನ್ ತಿಂದೆ?"

"ಆಮ್ಯಾಲ ತಿಂತೀನಜ್ಜಿ."

"ಬಂದ್ದಿನದಿಂದ ನೋಡ್ತಾ ಇವ್ನಿ. ಬೆಳಿಗ್ಗೆ ಇದಕ್ಕೆ ತಿನ್ನುಸ್ತೀಯ, ಆಮೇಲೋಗಿ ಬಚ್ಚಲಾಗೆ ಕಕ್ತೀಯ. ನಮ್ಮ ಅಸೂಗೆ ಬೂಸಾ ಐತೆ, ಉಲ್ಲೈತೆ. ನಿಂಗೇನೈತೆ?"

"ಮೊದಲನೇದು ಆಕಳಿಗೆ ಹಾಕ್ಬೇಕಜ್ಜಿ. ನಮ್ಮ ಕಡೆ ಹಂಗ."

ಅಜ್ಜಿ ಹಸುವನ್ನು ನೋಡಿದಳು, ನನ್ನನ್ನು ನೋಡಿದಳು. "ಇದೂ ಈದೈತೆ, ನೀನೂ ಈದಿದೀಯ. ಇದು ನಿಂತ್ಕಂಡು ತಿನ್ನೋವಾಗ ನೀನ್ಯಾಕೆ ಉಪಾಸ? ಕೂತ್ಕ. ತಿನ್ನು."

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟಳು. ಬಿಸಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ತಿಂದೆ. ತಿನ್ನುವಾಗ ಕಳ್ಳತನ ಮಾಡಿದಂತೆ ಅನಿಸಿತು. ಆಮೇಲೆ ಅಲ್ಲೇ ಸೆರಗಿನ ಮರೆಯಲ್ಲಿ ಕೂಸಿಗೆ ಹಾಲು ಕೊಟ್ಟೆ. ಹತ್ತು ಎಣಿಸಿದೆ. ಬಾಯಲ್ಲಿ ನೀರೂರಿತು, ಆದರೆ ಮೇಲೇರಲಿಲ್ಲ. ನೂರರ ತನಕ ಎಣಿಸಿದೆ. ಕೂಸು ಕುಡಿಯುತ್ತಲೇ ಇತ್ತು. ನನಗೆ ಕುಣಿಯಬೇಕೆನಿಸಿತು.

ಕೊಟ್ಟಿಗೆಯಲ್ಲಿ ತಿನ್ನುವುದು ಸುಲಭ. ಮನೆಯಲ್ಲಿ ಗಂಡಸರ ಮುಂದೆ ತಿನ್ನುವುದು ಹಾಗಲ್ಲ. ಮಾರನೆಯ ದಿನ ಹಂಚಿನಿಂದ ಮೊದಲ ರೊಟ್ಟಿ ತೆಗೆದು ನನ್ನ ತಟ್ಟೆಗೇ ಹಾಕಿಕೊಂಡು ಮುರಿದೆ. ಶರಣ ಡಬ್ಬಿ ಹಿಡಿದು ನಿಂತಿದ್ದ. "ವೈನೀ, ಬೆಂಗಳೂರು ಗಾಳಿ ಬಡೀತೇನ್ರಿ? ಆಕಳಿಗಿಲ್ಲೇನ್ರಿ?"

"ನಾನೂ ಈದಾಕಿನ ಅದೀನಿ," ಎಂದೆ. ಅಜ್ಜಿಯ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ. ಗಂಡ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಹಂಚು ಹೊಗೆಯಾಡಿತು. ಆಮೇಲೆ ಅವರೇ ಚಕ್ಕಳಮಕ್ಕಳ ಹಾಕಿ ಕೂತು, "ಎರಡನೇದು ಆಕಳಿಗೆ ಹಾಕು. ಮೂರನೇದು ನನಗ," ಎಂದರು. ಶರಣ, "ಅಂದ್ರ ನಂದು ನಾಕನೇದೇನೋ ಅಣ್ಣಾ?" ಎಂದು ಗೋಳಾಡಿದ.

ಅಲ್ಲಿಂದ ನಮ್ಮ ಮನೆಯ ಕ್ರಮ ಬದಲಾಯಿತು. ನಸುಕಿನಲ್ಲಿ ಮೊದಲ ಹಾಲಿಗೆ ಮುಂಚೆ ಒಂದು ಹಿಡಿ ಹುರಿಗಡಲೆ. ಪಕ್ಕದಲ್ಲಿ ನೀರಿನ ಚೊಂಬು. ಒಂದೇ ಸಲ ಹೊಟ್ಟೆ ಬಿರಿಯುವಂತೆ ಉಣ್ಣದೆ ಎರಡು ಮೂರು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ. ಸಬ್ಬಸಿಗೆ ಸೊಪ್ಪು ಅಲ್ಲಿಯೂ ಬಾಣಂತಿಗೇ, ಇಲ್ಲಿಯೂ ಬಾಣಂತಿಗೇ; ಅದೊಂದು ಸಮಾಧಾನ. ಮುದ್ದೆ ಮಾತ್ರ ದೊಡ್ಡ ಪಾಠ. ಹುಟ್ಟಿದಾಗಿನಿಂದ ರೊಟ್ಟಿ ಅಗಿದ ಹಲ್ಲು ನನ್ನದು. "ಅಗೀಬ್ಯಾಡ, ನುಂಗು!" ಎಂದು ಅಜ್ಜಿ ನನ್ನ ದವಡೆಯನ್ನೇ ಕಾಯುತ್ತಿದ್ದಳು. ಅಜ್ಜಿಯ ಎಲ್ಲ ಮಾತನ್ನೂ ನಾನು ಕೇಳಲಿಲ್ಲ. ಬಾಣಂತಿ ಜಾಸ್ತಿ ನೀರು ಕುಡಿಯಬಾರದು ಎನ್ನುತ್ತಿದ್ದಳು. ಅದರಲ್ಲಿ ಸಿಸ್ಟರ್ ಮಾತೇ ಹಿಡಿದೆ, ಚೊಂಬನ್ನು ಅಜ್ಜಿಗೆ ಕಾಣದಂತೆ ಇಟ್ಟೆ. ವಾಕರಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಕಡಿಮೆಯಾಗುತ್ತ, ಒಂದು ದಿನ ಎಣಿಸುವುದೇ ಮರೆತುಹೋಯಿತು.

ಮುಂದಿನ ತೂಕಕ್ಕೆ ಗಂಡ ಅರ್ಧ ದಿನದ ಕೆಲಸ ಬಿಟ್ಟು ಬಂದರು. ಜೋಳಿಗೆಯಲ್ಲಿ ಕೂಸು ಕಾಲು ಝಾಡಿಸಿತು, ಮುಳ್ಳು ಅಲ್ಲಾಡಿ ನಿಂತಿತು. ಐದು ಕಿಲೋ ಆರುನೂರು. ಟೀಚರ್ ಹಸಿರು ಪಟ್ಟಿಯಲ್ಲಿ ಚುಕ್ಕಿ ಇಟ್ಟರು. ಗಂಡ ಕಾರ್ಡನ್ನು ಇಸಿದುಕೊಂಡು, ಆ ಚುಕ್ಕಿಯ ಮೇಲೆ ಬೆರಳಿಟ್ಟು, ಗೇಟಿನ ತನಕ ತೆಗೆಯಲಿಲ್ಲ. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ.

ಹೋದದ್ದು ಕೂಸಿನ ವರ್ಷ ತುಂಬಿದ ಮೇಲೆ, ಅತ್ತೆಯ ಮನೆಗೆ. ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯಲು ಕೂತರು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅತ್ತೆ ಅದನ್ನು ನನ್ನ ಅಂಗೈಗೇ ಹಾಕಿ, "ಹೋಗವಾ, ಆಕಳಿಗ ಹಾಕಿ ಬಾ," ಎಂದರು. ಸುಡುವ ರೊಟ್ಟಿ, ಕಟ್ಟಿಗೆ ಒಲೆಯ ಹೊಗೆ ಬೆರೆತ ಜೋಳದ ಪರಿಮಳ. ಇಷ್ಟು ತಿಂಗಳು ಹೂಡಿಯಲ್ಲಿ ನಾನು ಹಂಬಲಿಸಿದ ವಾಸನೆ ಇದೇ. ಆದರೆ ಹಸಿವು ಮಾತ್ರ ಹೂಡಿಯದು, ಹೊತ್ತಿಗೆ ಸರಿಯಾಗಿ ಬಂದಿತ್ತು. ಕೂಸು ಆಗಲೇ ಸೆರಗು ಎಳೆಯುತ್ತಿತ್ತು.

ಕೊಟ್ಟಿಗೆಯಲ್ಲಿ ಆಕಳ ಕೊರಳ ಮರೆಗೆ ನಿಂತು ರೊಟ್ಟಿಯನ್ನು ನಡುವೆ ಮುರಿದೆ. ಅರ್ಧ ಅದರ ಬಾಯಿಗೆ, ಅರ್ಧ ನನ್ನ ಬಾಯಿಗೆ.

"ಆಕಳಿಗ ಹಾಕಿದ್ಯೇನವಾ?" ಒಳಗಿಂದ ಅತ್ತೆ ಕೂಗಿದರು.

"ಹಾಕೀನ್ರಿ ಅತ್ತೀ," ಎಂದೆ, ತುಂಬಿದ ಬಾಯಲ್ಲೇ.